ಮರದ ಮೈ, ಉಕ್ಕಿನ ದಾರಿ

ಸೇತುವೆಯನ್ನೂ ಅಣೆಕಟ್ಟನ್ನೂ ಕಟ್ಟುವಲ್ಲಿ ಮಾತ್ರವೇ ಮನುಷ್ಯನ ಬುದ್ಧಿಶಕ್ತಿ ವ್ಯಕ್ತವಾಗುತ್ತದೆಂದು ಭಾವಿಸುವುದು ಸರಿಯಾಗದು. ಅವನು ವಿನೋದಕ್ಕೆಂದು ಕಟ್ಟಿದ ವಸ್ತುಗಳಲ್ಲಿಯೂ ಅಷ್ಟೇ ಆಳವಾದ ವಿಚಾರ ಅಡಗಿರುವುದುಂಟು. ಜನರನ್ನು ಎತ್ತರಕ್ಕೆ ಒಯ್ದು, ಕಡಿದಾದ ಇಳಿಜಾರಿನಲ್ಲಿ ಧುಮುಕಿಸಿ, ತಿರುವುಗಳಲ್ಲಿ ವಾಲಿಸಿ ಮರಳಿ ಕರೆತರುವ ರೋಲರ್ ಕೋಸ್ಟರ್ ಎಂಬ ಆಟದ ಬಂಡಿ ಇದಕ್ಕೊಂದು ನಿದರ್ಶನ. ಹೆಚ್ಚಿನ ಬಂಡಿಗಳಿಗೆ ಎಂಜಿನ್ ಇರುವುದಿಲ್ಲ. ಸರಪಳಿಯೊಂದು ಬಂಡಿಯನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಟ್ಟರೆ ಸಾಕು, ಮುಂದಿನ ಓಟವೆಲ್ಲ ಭೂಮಿಯ ಸೆಳೆತದಿಂದಲೇ ನಡೆಯುತ್ತದೆ. ಆ ಓಟದ ಭಾರವನ್ನೆಲ್ಲ ಹೊರುವ ಹಾದಿಯನ್ನು ಮರದಿಂದ ಕಟ್ಟಬೇಕೇ, ಉಕ್ಕಿನಿಂದ ಕಟ್ಟಬೇಕೇ ಎಂಬ ಪ್ರಶ್ನೆ ಬಹುಕಾಲ ನಿರ್ಮಾಪಕರನ್ನು ಕಾಡಿತು.

೧೮೮೪ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತನು ನ್ಯೂಯಾರ್ಕ್ ನಗರದ ಕೋನಿ ಐಲೆಂಡ್ ಕಡಲತೀರದಲ್ಲಿ ಮರದ ಏರಿಳಿತದ ಹಾದಿಯೊಂದನ್ನು ನಿರ್ಮಿಸಿದನು. ಅದರ ವೇಗ ಗಂಟೆಗೆ ಸುಮಾರು ೬ ಮೈಲಿ ಮಾತ್ರ. ಆದರೂ ಐದು ಸೆಂಟುಗಳನ್ನು ತೆತ್ತು ಏರಲು ಜನ ಮುಗಿಬಿದ್ದರು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಈ ಕಲೆಯು ಬಡಗಿಯ ಕೈಯಲ್ಲಿಯೇ ಬೆಳೆಯಿತು.

ಮರದ ಹಾದಿಯ ರಚನೆಯನ್ನು ಗಮನಿಸಿದರೆ ಆ ಬಡಗಿಯ ಜಾಣ್ಮೆ ತಿಳಿಯುತ್ತದೆ. ದಪ್ಪ ತೊಲೆಯು ಬಾಗುವುದಿಲ್ಲ, ತೆಳು ಹಲಗೆ ಬಾಗುತ್ತದೆ. ಆದ್ದರಿಂದ ಹಲಗೆಗಳನ್ನು ಒಂದೊಂದಾಗಿ ತಿರುವಿಗೆ ತಕ್ಕಂತೆ ಬಾಗಿಸಿ, ಒಂದರ ಮೇಲೊಂದು ಹೇರಿ, ಮೊಳೆ ಬೋಲ್ಟುಗಳಿಂದ ಬಿಗಿಯುತ್ತಾರೆ. ಸಾಮಾನ್ಯವಾಗಿ ಇಂತಹ ಎಂಟು ಪದರಗಳು ಸೇರಿ ಒಂದು ಗಟ್ಟಿ ದಿಂಡಾಗುತ್ತದೆ. ಮೇಲಿನ ಎರಡು ಪದರಗಳು ಉಳಿದವಕ್ಕಿಂತ ಅಗಲವಾಗಿದ್ದು ಅಂಚಿನಲ್ಲಿ ಚಾಚಿಕೊಂಡಿರುತ್ತವೆ. ಅವುಗಳ ಮೇಲೆ ಗಾಲಿ ಉರುಳಲೆಂದು ಚಪ್ಪಟೆ ಉಕ್ಕಿನ ಪಟ್ಟಿಯನ್ನು ಹೊದಿಸುತ್ತಾರೆ. ಎತ್ತಿನ ಗಾಡಿಯ ಮರದ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಕನ್ನಡ ನಾಡಿನ ಹಳ್ಳಿಗರು ಬಲ್ಲರು; ಇಲ್ಲಿ ಪಟ್ಟಿಯನ್ನು ತೊಡುವುದು ಗಾಲಿಯ ಬದಲು ಹಾದಿ, ಅಷ್ಟೇ ವ್ಯತ್ಯಾಸ. ೧೯೧೯ರಲ್ಲಿ ಜಾನ್ ಮಿಲ್ಲರ್ ಎಂಬ ನಿರ್ಮಾಪಕನು ಹಾದಿಯ ಅಂಚಿನ ಕೆಳಗೂ ಓಡುವ ಗಾಲಿಗೆ ಪೇಟೆಂಟ್ ಪಡೆದನು. ದಿಬ್ಬದ ನೆತ್ತಿಯಲ್ಲಿ ಬಂಡಿಯು ಮೇಲಕ್ಕೆ ಹಾರಹೋದರೂ ಆ ಗಾಲಿ ಅದನ್ನು ಹಿಡಿದಿಡುತ್ತದೆ. ಮರದ್ದೆಂದು ಕರೆಸಿಕೊಳ್ಳುವ ಕೋಸ್ಟರಿನಲ್ಲಿಯೂ ಬಂಡಿಯ ಗಾಲಿ ಮುಟ್ಟುವುದು ಉಕ್ಕನ್ನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡು ದ್ರವ್ಯಗಳ ಸ್ವಭಾವವೂ ಬೇರೆಬೇರೆ. ಮರವು ತನ್ನ ನಾರಿನ ಉದ್ದಕ್ಕೆ ಬಲಶಾಲಿ, ಅಡ್ಡಕ್ಕೆ ದುರ್ಬಲ. ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ, ಕಾಲಕ್ರಮದಲ್ಲಿ ಬಿರಿಯುತ್ತದೆ. ಹಗಲೆಲ್ಲ ಬಂಡಿಗಳು ಓಡಿದಂತೆ ಬೋಲ್ಟುಗಳು ಸಡಿಲವಾಗುತ್ತವೆ; ಇಳಿಜಾರಿನ ತಳದಲ್ಲಿ ಭಾರವು ಹಲವು ಮಡಿಯಾಗುವುದರಿಂದ ಅಲ್ಲಿನ ಹಲಗೆ ಬೇಗ ನಲುಗುತ್ತದೆ. ಆದರೆ ಮರಕ್ಕೆ ತುಸು ಬಾಗಿ ಏಟನ್ನು ತಾಳಿಕೊಳ್ಳುವ ಗುಣವುಂಟು. ಉಕ್ಕು ಎಲ್ಲ ದಿಕ್ಕಿಗೂ ಒಂದೇ ಸಮನಾದ ಬಲವುಳ್ಳದ್ದು; ಲೆಕ್ಕಹಾಕಿದ ಆಕಾರವನ್ನು ಚಾಚೂ ತಪ್ಪದೆ ತಾಳುತ್ತದೆ. ೧೯೫೯ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಉಕ್ಕಿನ ಕೊಳವೆಗಳ ಹಾದಿಯುಳ್ಳ ಮ್ಯಾಟರ್‌ಹಾರ್ನ್ ಓಡತೊಡಗಿದ ಮೇಲೆ ಬಂಡಿಗೆ ಹೊಸ ಸ್ವಾತಂತ್ರ್ಯ ದೊರೆಯಿತು. ೧೯೭೫ರ ವೇಳೆಗೆ ಅದೇ ರಾಜ್ಯದ ನಾಟ್ಸ್ ಬೆರಿ ಫಾರ್ಮ್ ಉದ್ಯಾನದ ಕಾರ್ಕ್‌ಸ್ಕ್ರೂ ಜನರನ್ನು ತಲೆಕೆಳಗಾಗಿ ತಿರುಗಿಸಿತು.

ಇವೆರಡನ್ನೂ ಕೂಡಿಸುವ ಯತ್ನ ಹೊಸದೇನೂ ಅಲ್ಲ. ೧೯೨೭ರಲ್ಲಿ ಕೋನಿ ಐಲೆಂಡಿನಲ್ಲಿಯೇ ವರ್ನನ್ ಕೀನನ್ ವಿನ್ಯಾಸಗೊಳಿಸಿದ ಸೈಕ್ಲೋನ್‌ಗೆ ಉಕ್ಕಿನ ಕಂಬಗಳ ಮೇಲೆ ಮರದ ಹಾದಿಯಿದೆ. ೧೯೭೮ರಲ್ಲಿ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ ಬಂದ ಜೆಮಿನೈ ಇದಕ್ಕೆ ತದ್ವಿರುದ್ಧ: ಮರದ ಚೌಕಟ್ಟು, ಉಕ್ಕಿನ ಹಾದಿ. ವಿಚಿತ್ರವೆಂದರೆ ಬಲ್ಲವರು ಮೊದಲನೆಯದನ್ನು ಮರದ ಕೋಸ್ಟರೆಂದೂ ಎರಡನೆಯದನ್ನು ಉಕ್ಕಿನದೆಂದೂ ಕರೆಯುತ್ತಾರೆ. ನೋಡುವವರ ಕಣ್ಣಿಗೆ ಕಾಣುವುದು ಚೌಕಟ್ಟು. ಹೆಸರು ಬರುವುದು ಮಾತ್ರ ಹಾದಿಯಿಂದ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಸಂಯೋಗಕ್ಕೆ ಹೊಸ ಅರ್ಥವೊಂದು ಒದಗಿತು. ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ೧೯೯೦ರಲ್ಲಿ ಕಟ್ಟಿದ ಟೆಕ್ಸಾಸ್ ಜಯಂಟ್ ಎಂಬ ಮರದ ಕೋಸ್ಟರ್ ಇಪ್ಪತ್ತು ವರ್ಷ ತುಂಬುವುದರೊಳಗೆ ಕುಲುಕಾಟಕ್ಕೆ ಹೆಸರಾಯಿತು. ೨೦೦೯ರಲ್ಲಿ ಅದನ್ನು ನಿಲ್ಲಿಸಿದಾಗ ಕೆಡವಿ ಹಾಕುವುದು ಸುಲಭವಾಗಿತ್ತು. ಆದರೆ ಐಡಹೋ ರಾಜ್ಯದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಸಂಸ್ಥೆಯು ಬೇರೊಂದು ಉಪಾಯವನ್ನು ಕಂಡಿತು. ನಲುಗಿದ್ದುದು ಹಾದಿ, ಕೆಳಗಿನ ಮರದ ಚೌಕಟ್ಟಿನಲ್ಲಿ ಇನ್ನೂ ಸತ್ವವಿತ್ತು. ಹಲಗೆಯ ದಿಂಡುಗಳನ್ನು ಬಿಚ್ಚಿ, ಅವುಗಳ ಸ್ಥಾನದಲ್ಲಿ ಇಂಗ್ಲಿಷಿನ ‘ಐ’ ಅಕ್ಷರದಂತಿರುವ ಉಕ್ಕಿನ ಹಾದಿಯನ್ನು ಕೂರಿಸಲಾಯಿತು. ಕೊಳವೆಗಳನ್ನು ಬಾಗಿಸುವ ಗೋಜಿಲ್ಲದೆ, ಉಕ್ಕಿನ ತಗಡುಗಳನ್ನು ಯಂತ್ರದಿಂದ ಬೇಕಾದ ವಕ್ರಕ್ಕೆ ಕತ್ತರಿಸಿ ಬೆಸೆಯುವುದು ಇದರ ವಿಧಾನ. ಎಂಜಿನಿಯರ್ ಅಲನ್ ಶಿಲ್ಕೆಯ ವಿನ್ಯಾಸದಲ್ಲಿ ೨೦೧೧ರಲ್ಲಿ ಮರುಹುಟ್ಟು ಪಡೆದ ಈ ಬಂಡಿಯು ೧೫೩ ಅಡಿ ಎತ್ತರದಿಂದ ೭೯ ಡಿಗ್ರಿಯ ಇಳಿಜಾರಿನಲ್ಲಿ ಧುಮುಕಿದರೂ ಹಿಂದಿನಂತೆ ಮೈ ನೋಯಿಸಲಿಲ್ಲ.

ಅನಂತರ ಈ ಮಾರ್ಗವನ್ನು ಹಲವರು ಹಿಡಿದರು. ಸೀಡರ್ ಪಾಯಿಂಟಿನಲ್ಲಿ ೧೯೯೧ರಲ್ಲಿ ಕಟ್ಟಿದ ೧೬೧ ಅಡಿ ಎತ್ತರದ ಮೀನ್ ಸ್ಟ್ರೀಕ್ ೨೦೧೬ರಲ್ಲಿ ನಿಂತು, ೨೦೧೮ರಲ್ಲಿ ೨೦೫ ಅಡಿ ಎತ್ತರದ ಸ್ಟೀಲ್ ವೆಂಜೆನ್ಸ್ ಆಗಿ ಎದ್ದಿತು. ಗಂಟೆಗೆ ೭೪ ಮೈಲಿ ವೇಗದ ಆ ಓಟದಲ್ಲಿ ನಾಲ್ಕು ಸಲ ಜನ ತಲೆಕೆಳಗಾಗುತ್ತಾರೆ. ೨೦೧೯ರಲ್ಲಿ ಜಪಾನಿನ ನಾಗಾಶಿಮಾದ ಹಳೆಯ ಮರದ ಕೋಸ್ಟರೊಂದು ಇದೇ ಬಗೆಯ ಕಾಯಕಲ್ಪ ಪಡೆಯಿತು.

ಇಷ್ಟರಿಂದ ಉಕ್ಕು ಬಂದೊಡನೆ ಭಯ ತೊಲಗಿತೆಂದು ತಿಳಿಯುವುದು ಅವಿವೇಕ. ೨೦೦೬ರ ಜುಲೈ ತಿಂಗಳಲ್ಲಿ ಒಹಾಯೋದ ಕಿಂಗ್ಸ್ ಐಲೆಂಡ್ ಉದ್ಯಾನದ ಸನ್ ಆಫ್ ಬೀಸ್ಟ್ ಎಂಬ ಮರದ ಕೋಸ್ಟರಿನಲ್ಲಿ ತೊಲೆಯೊಂದು ಬಿರಿದು ಹಾದಿ ತಗ್ಗಿತು. ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ೨೦೨೩ರಲ್ಲಿ ಕ್ಯಾರೊವಿಂಡ್ಸ್ ಉದ್ಯಾನದ ಫ್ಯೂರಿ ೩೨೫ ಎಂಬ ಪೂರ್ಣ ಉಕ್ಕಿನ ಕೋಸ್ಟರಿನ ಕಂಬವೇ ಬಿರಿದುದು ನೋಡಲು ಬಂದ ಪ್ರವಾಸಿಯ ಕಣ್ಣಿಗೆ ಬಿದ್ದು, ದೈವವಶಾತ್ ಯಾರಿಗೂ ಹಾನಿಯಾಗಲಿಲ್ಲ. ಮರುಹುಟ್ಟು ಪಡೆದ ಟೆಕ್ಸಾಸಿನ ಬಂಡಿಯಲ್ಲಿಯೂ ೨೦೧೩ರ ಜುಲೈಯಲ್ಲಿ ಮಹಿಳೆಯೊಬ್ಬರು ಆಸನದಿಂದ ಹೊರಗೆ ಬಿದ್ದು ಅಸುನೀಗಿದರು. ಹಾದಿ ಗಟ್ಟಿಯಾಗಿಯೇ ಇತ್ತು, ಚೌಕಟ್ಟೂ ಅಲುಗಿರಲಿಲ್ಲ. ಸೀಟುಪಟ್ಟಿಗಳನ್ನು ಕೂಡಿಸಿದ ಮೇಲೆಯೇ ಅದು ಆ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ಓಡಿತು. ಮರ ಉಕ್ಕುಗಳೆರಡನ್ನೂ ಲೆಕ್ಕಹಾಕಿದ ಮೇಲೂ, ಬಂಡಿಯಲ್ಲಿ ಕುಳಿತ ಜೀವದ ಲೆಕ್ಕವೊಂದು ಉಳಿದೇ ಇರುತ್ತದೆ.

ಈ ಕಾರಣದಿಂದಲೇ ಮರದ ಕೋಸ್ಟರುಳ್ಳ ಉದ್ಯಾನಗಳಲ್ಲಿ ಬಾಗಿಲು ತೆರೆಯುವ ಮುನ್ನ ನುರಿತ ಕೆಲಸಗಾರರು ಹಾದಿಯುದ್ದಕ್ಕೂ ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ಸಡಿಲಗೊಂಡ ಬೋಲ್ಟನ್ನು ಬಿಗಿಯುತ್ತಾರೆ, ಬಿರುಕುಬಿಟ್ಟ ಹಲಗೆಯನ್ನು ಬದಲಿಸಲೆಂದು ಗುರುತು ಹಾಕುತ್ತಾರೆ. ಬಳಿಕ ಖಾಲಿ ಬಂಡಿಯನ್ನು ಓಡಿಸಿ ನೋಡುತ್ತಾರೆ. ಹಗಲು ಕೂಗಿ ನಗುವ ಜನರಿಗೆ ಅವರ ಮುಖಪರಿಚಯವಿಲ್ಲ. ಉಕ್ಕಿನ ಹಾದಿ ಬಂದ ಮೇಲೆ ಈ ದುಡಿಮೆಯ ಭಾರ ತಗ್ಗಿದೆ. ಆದರೆ ಕೆಳಗೆ ಮರದ ಚೌಕಟ್ಟಿರುವವರೆಗೂ, ಉಕ್ಕಿಗೂ ತನ್ನದೇ ಆದ ಆಯಾಸವಿರುವವರೆಗೂ, ಅದು ನಿಂತಿಲ್ಲ. ಶರಣರು ಕಾಯಕವೆಂದು ಕರೆದುದರ ಸ್ವರೂಪ ಇದಕ್ಕಿಂತ ಬೇರೆಯಾಗಿರಲಾರದು.

ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಕೆಡವುವವರುಂಟು. ಹಳೆಯದೆಂಬ ಕಾರಣಕ್ಕೇ ಕೊಳೆತುದನ್ನೂ ಮುಟ್ಟಗೊಡದವರೂ ಉಂಟು. ಟೆಕ್ಸಾಸಿನ ಆ ನಿರ್ಮಾಪಕರು ಎರಡನ್ನೂ ಮಾಡದೆ, ಯಾವುದು ನಲುಗಿದೆ, ಯಾವುದು ಇನ್ನೂ ಹೊರಬಲ್ಲುದು ಎಂಬುದನ್ನು ಮೊದಲು ಪರೀಕ್ಷಿಸಿದರು. ಹಿರಿಯರು ಕಟ್ಟಿದ ಮನೆಯನ್ನಾಗಲಿ, ಶಾಲೆಯನ್ನಾಗಲಿ, ಸಂಸ್ಥೆಯನ್ನಾಗಲಿ ಮುನ್ನಡೆಸುವ ಹೊಣೆ ಹೊತ್ತವರು ಮೊತ್ತಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ. ದುರಸ್ತಿ ಮುಗಿದ ಮರುದಿನದಿಂದ ಬೆಳಗಿನ ನಡಿಗೆಯನ್ನು ತಪ್ಪಿಸಬಾರದೆಂಬುದು ಅದರ ಮುಂದಿನ ಪಾಠ.