ತಂತಿ ಕಲಿಸಿದ ಪಾಠ

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಭೌತವಿಜ್ಞಾನವನ್ನು ಬೋಧಿಸಿ ನಿವೃತ್ತನಾದವನು ನಾನು. ಓಮ್‌ನ ನಿಯಮವನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬರೆದಿರುವೆನೋ ಲೆಕ್ಕವಿಲ್ಲ. 1827ರಲ್ಲಿ ಆ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಓಮ್ ಕೂಡ ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನೇ ಎಂದು ಮಕ್ಕಳಿಗೆ ಹೇಳುವಾಗ ನನಗೆ ಒಂದು ಬಗೆಯ ಅಭಿಮಾನವೂ ಉಂಟಾಗುತ್ತಿತ್ತು. ಅಂತಹ ನಾನು ಒಂದು ತಂತಿಯ ವಿಷಯದಲ್ಲಿ ಎಡವಿದ ಪ್ರಸಂಗವನ್ನು ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುತ್ತಿದ್ದೇನೆ.

ಅದು 2021ರ ಮಳೆಗಾಲ. ಧಾರವಾಡದ ಸಮೀಪ ತರಕಾರಿ ಸಸಿಗಳನ್ನು ಬೆಳೆಸಿ ರೈತರಿಗೆ ಮಾರುವ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಮೋಡ ಕವಿದ ದಿನಗಳಲ್ಲಿ ಟೊಮ್ಯಾಟೊ, ದೊಣ್ಣೆಮೆಣಸಿನ ಸಸಿಗಳು ಬೆಳಕು ಸಾಲದೆ ಬಡಕಲಾಗಿ ಉದ್ದಕ್ಕೆ ಬೆಳೆದುಬಿಡುತ್ತವೆ. ಅದನ್ನು ತಪ್ಪಿಸಲು ಅವನು ಒಂದು ಕೋಣೆಯಲ್ಲಿ ಕಬ್ಬಿಣದ ರ್‍ಯಾಕು ನಿಲ್ಲಿಸಿ, ಗ್ರೋ ಲೈಟ್ ಎಂದು ಕರೆಯಲಾಗುವ ಎಲ್.ಇ.ಡಿ. ದೀಪಗಳನ್ನು ತೂಗುಹಾಕಿದ್ದ. ತಲಾ 30 ವ್ಯಾಟಿನ ಎಂಟು ದೀಪಗಳು. ಎಲ್ಲವೂ 24 ವೋಲ್ಟಿನವು. ನೀರು ತಾಗದಿರಲೆಂದು ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಕೋಣೆಯ ಹೊರಗೆ, ಐದು ಮೀಟರ್ ದೂರದಲ್ಲಿ ಇರಿಸಿದ್ದ. “ದೀಪ ಮಂಕಾಗ್ಯಾವ್ರಿ ಸರ, ತಂತಿನೂ ಬೆಚ್ಚಗಾಗ್ತೈತ್ರಿ. ಒಮ್ಮೆ ಬಂದು ನೋಡ್ರಿ” ಎಂದು ಕೇಳಿಕೊಂಡ.

ಹೋಗಿ ನೋಡಿದರೆ, ಅವನು ಹಾಕಿದ್ದು ಅರ್ಧ ಚದರ ಮಿಲಿಮೀಟರಿನ ತಂತಿ. ಒಟ್ಟು 240 ವ್ಯಾಟ್ ಎಂದರೆ ಹಳೆಯ ಕಾಲದ 60 ವ್ಯಾಟಿನ ನಾಲ್ಕು ಬಲ್ಬುಗಳಷ್ಟೇ ಅಲ್ಲವೆ ಎಂಬುದು ಅವನ ವಾದ. ಮನೆಯ 230 ವೋಲ್ಟಿನಲ್ಲಿ ಅಷ್ಟು ವ್ಯಾಟಿಗೆ ಹರಿಯುವ ಪ್ರವಾಹ ಒಂದು ಆಂಪಿಯರಿಗಿಂತ ತುಸು ಹೆಚ್ಚು, ನಿಜ. ಆದರೆ 24 ವೋಲ್ಟಿನಲ್ಲಿ ಅದೇ 240 ವ್ಯಾಟಿಗೆ 10 ಆಂಪಿಯರ್ ಬೇಕು. ತಂತಿಯನ್ನು ಕಾಯಿಸುವುದು ಈ ಆಂಪಿಯರೇ ಹೊರತು ದೀಪದ ಮೇಲೆ ಬರೆದಿರುವ ವ್ಯಾಟ್ ಅಲ್ಲ.

ನಾನು ಉತ್ಸಾಹದಿಂದ ಲೆಕ್ಕ ಮಾಡಿ ತೋರಿಸಿದೆ. ಹೋಗುವ ತಂತಿ, ಬರುವ ತಂತಿ ಸೇರಿ ಉದ್ದ ಹತ್ತು ಮೀಟರ್. ಅರ್ಧ ಚದರ ಮಿಲಿಮೀಟರಿನ ತಾಮ್ರದಲ್ಲಿ ಅದರ ರೋಧ ಸುಮಾರು 0.39 ಓಮ್. ಹತ್ತು ಆಂಪಿಯರ್ ಹರಿದರೆ ದಾರಿಯಲ್ಲಿಯೇ ಸುಮಾರು 4 ವೋಲ್ಟ್ ನಷ್ಟ, 40 ವ್ಯಾಟಿನಷ್ಟು ಶಾಖ. 2.5 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 0.8 ವೋಲ್ಟಿಗೆ ಇಳಿಯುತ್ತದೆ, ಶಾಖ 8 ವ್ಯಾಟಿಗೆ. ಕೆಲವು ಸುರುಳಿಗಳ ಮೇಲೆ ಅಮೆರಿಕದ ಗೇಜ್ ಅಂಕಿ ಇರುತ್ತದೆ; ಅಲ್ಲಿ ಅಂಕಿ ಹೆಚ್ಚಿದಷ್ಟೂ ತಂತಿ ತೆಳುವೆಂಬುದನ್ನೂ ತಿಳಿಸಿದೆ. 20 ಗೇಜ್ ಎಂದರೆ ಸುಮಾರು ಅರ್ಧ ಚದರ ಮಿಲಿಮೀಟರ್. 14 ಗೇಜ್ ಎಂದರೆ ಎರಡಕ್ಕಿಂತ ತುಸು ಹೆಚ್ಚು. ಶಿಷ್ಯನು ಅಂದೇ ದಪ್ಪ ತಂತಿ ತರಿಸಿದ. ಎಲೆಕ್ಟ್ರಿಷಿಯನ್ ಜೋಡಿಸಿಕೊಟ್ಟ. ದೀಪಗಳು ಝಗ್ಗನೆ ಬೆಳಗಿದವು. ಎಲ್ಲರೂ ನನ್ನನ್ನು ಹೊಗಳಿದರು.

ಆ ಹೊಗಳಿಕೆಯ ನಡುವೆ, ನೆಲದ ಮೇಲೆ ಬಿದ್ದಿದ್ದ ತಾಮ್ರದ ಎಳೆಗಳ ಸಣ್ಣ ತುಣುಕುಗಳು ನನ್ನ ಕಣ್ಣಿಗೆ ಬಿದ್ದವು. ಏಕೆಂದು ಕೇಳಲಿಲ್ಲ. ಚಹಾ ಬಂದಿತ್ತು.

ಮೂರು ವಾರಗಳ ಅನಂತರ ರಾತ್ರಿ ದೂರವಾಣಿ ಬಂತು. ಸಸಿಗಳಿಗೆ ನೀರುಣಿಸುವ ಹೆಣ್ಣುಮಗಳು ತನ್ನ ಕೂಸಿನೊಂದಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಸುಟ್ಟ ವಾಸನೆಗೆ ಎಚ್ಚತ್ತು, ಓಡಿಹೋಗಿ ಮೇನ್ ಸ್ವಿಚ್ ಆರಿಸಿದ್ದಳು. ರ್‍ಯಾಕಿನ ಬಳಿಯ ಕನೆಕ್ಟರ್ ಕರಗಿ ಕಪ್ಪಾಗಿ, ಕೆಳಗಿದ್ದ ಪ್ಲಾಸ್ಟಿಕ್ ಟ್ರೇಯ ಮೇಲೆ ತೊಟ್ಟಿಕ್ಕಿತ್ತು. ಅವಳಿಗೆ ಎಚ್ಚರವಾಗದೆ ಇದ್ದಿದ್ದರೆ ಎಂಬ ಯೋಚನೆಯಲ್ಲಿ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಬೆಳಗ್ಗೆ ಹೋಗಿ ಬಿಚ್ಚಿ ನೋಡಿದೆ. 2.5 ಚದರ ಮಿಲಿಮೀಟರಿನ ಆ ತಂತಿಯಲ್ಲಿ 36 ಎಳೆಗಳು. ಕನೆಕ್ಟರಿನ ರಂಧ್ರ ಇದ್ದುದು ತೆಳು ತಂತಿಗೆ. ದಪ್ಪ ತಂತಿ ಒಳಗೆ ಹೋಗದ್ದರಿಂದ ಎಲೆಕ್ಟ್ರಿಷಿಯನ್ ಅರ್ಧದಷ್ಟು ಎಳೆಗಳನ್ನು ಕತ್ತರಿಸಿ, ಉಳಿದವನ್ನು ತುರುಕಿ, ತಿರುಪು ಬಿಗಿದಿದ್ದ. ಸಡಿಲ ಹಿಡಿತ, ಸಸಿಕೋಣೆಯ ತೇವ ಎರಡೂ ಸೇರಿ ತಾಮ್ರ ಮಾಸಿತು. ರೋಧ ಹೆಚ್ಚಿ ಶಾಖವಾಯಿತು. ಶಾಖದಿಂದ ರೋಧ ಮತ್ತಷ್ಟು ಹೆಚ್ಚಿತು. ಅಂತಹ ಸಂಧಿಯಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗ ರೋಧವಿದ್ದರೂ ಸಾಕು, ಹತ್ತು ಆಂಪಿಯರಿಗೆ ಬೆರಳತುದಿಯಷ್ಟು ಜಾಗದಲ್ಲಿ 10 ವ್ಯಾಟ್ ಶಾಖ. ರೇಡಿಯೊ ದುರಸ್ತಿಯವರು ಬೆಸುಗೆ ಹಾಕುವ ಉಪಕರಣವೇ 25 ವ್ಯಾಟಿನದು! ಫ್ಯೂಸು ಏಕೆ ಹೋಗಲಿಲ್ಲವೆಂದು ಶಿಷ್ಯ ಕೇಳಿದ. ಪ್ರವಾಹ ಮಿತಿಮೀರಿದಾಗ ಮಾತ್ರ ಫ್ಯೂಸು ಕರಗುತ್ತದೆ. ಕೆಟ್ಟ ಸಂಧಿಯಲ್ಲಿ ಪ್ರವಾಹ ಹೆಚ್ಚುವುದೇ ಇಲ್ಲ.

ತಪ್ಪು ಎಲೆಕ್ಟ್ರಿಷಿಯನ್‌ನದೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ತಂತಿಯನ್ನು ಆರಿಸಿದವನು ನಾನು. ಅದು ಹೋಗಿ ಸೇರುವ ಕನೆಕ್ಟರನ್ನು ನೋಡದೆಯೇ ಆರಿಸಿದ್ದೆ. ಶಿಷ್ಯನಿಗೆ ಹಾಗೆಂದೇ ಹೇಳಿ, ಆ ಹೆಣ್ಣುಮಗಳ ಮುಂದೆಯೂ ಒಪ್ಪಿಕೊಂಡೆ.

ಮತ್ತೆ ಜೋಡಣೆ ಮಾಡಿದೆವು. ಕಾಲುವೆಯಿಂದ ಗದ್ದೆಗಳಿಗೆ ನೀರು ಕವಲೊಡೆಯುವಂತೆ, 2.5ರ ಮುಖ್ಯ ತಂತಿಯನ್ನು ಒಂದೂ ಎಳೆ ಕತ್ತರಿಸದೆ ಅಗಲವಾದ ಟರ್ಮಿನಲ್ ಪಟ್ಟಿಗೆ ತಂದು ಬಿಗಿದೆವು. ಅಲ್ಲಿಂದ ಪ್ರತಿ ದೀಪಕ್ಕೂ 0.75 ಚದರ ಮಿಲಿಮೀಟರಿನ ಕವಲು, ಕವಲಿಗೊಂದು ಸಣ್ಣ ಫ್ಯೂಸು. ಒಂದು ದೀಪದ ಪಾಲಿಗೆ ಬರುವುದು 1.25 ಆಂಪಿಯರ್ ಮಾತ್ರವಾದುದರಿಂದ ಆ ತಂತಿಯೂ ನೀರು ತಾಗದ ಸಣ್ಣ ಕನೆಕ್ಟರೂ ಧಾರಾಳವಾಗಿ ಸಾಕು. ಎಳೆಗಳ ತುದಿಗೆ ಲೋಹದ ತೋಳು ತೊಡಿಸಿ ಒತ್ತಿದೆವು. ಒಂದು ಗಂಟೆ ಉರಿಸಿ, ಆರಿಸಿ, ಪ್ರತಿ ಸಂಧಿಯನ್ನೂ ಕೈಯಿಂದ ಮುಟ್ಟಿ ನೋಡಿದೆವು. ತಿಂಗಳಿಗೊಮ್ಮೆ ಹಾಗೆ ನೋಡುವ ಕೆಲಸವನ್ನು ಆ ಹೆಣ್ಣುಮಗಳೇ ವಹಿಸಿಕೊಂಡಳು.

ಕರಗಿದ ಆ ಕನೆಕ್ಟರ್ ಇಂದಿಗೂ ನನ್ನ ಮೇಜಿನ ಮೇಲಿದೆ. ಎಷ್ಟು ದಪ್ಪದ ತಂತಿ ಬೇಕೆಂದು ಯಾರಾದರೂ ಕೇಳಿದರೆ ನಾನೀಗ ಲೆಕ್ಕಕ್ಕೆ ತೊಡಗುವ ಮೊದಲು, “ಅದು ಯಾವುದಕ್ಕೆ ಸೇರುತ್ತದೆ, ತೋರಿಸು” ಎನ್ನುತ್ತೇನೆ.