ಸಹಿ ಇಲ್ಲದ ಕೆಲಸ

ರಾಯಚೂರು ಜಿಲ್ಲೆಯ ಮಸ್ಕಿ. ಬಂಡೆಯ ಮೇಲೆ ಅಶೋಕನ ಶಾಸನ. 1915ರಲ್ಲಿ ಇದನ್ನು ಪತ್ತೆ ಹಚ್ಚಿದವನು ಬೀಡನ್ ಎಂಬ ಗಣಿ ಇಂಜಿನಿಯರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಅರಸನ ಬಿರುದುಗಳಷ್ಟೇ ಇದ್ದವು. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಖಾತ್ರಿಯಾದದ್ದು ಇಲ್ಲಿ. ಸರಿ, ಕೆತ್ತಿದವನು ಯಾರು? ಬ್ರಹ್ಮಗಿರಿಯ ಅಶೋಕ ಶಾಸನದಲ್ಲಾದರೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಸೇರಿಸಿಬಿಟ್ಟ. ಮಸ್ಕಿಯವನಿಗೆ ಆ ಚಪಲ ಇರಲಿಲ್ಲವೋ, ಜಾಗ ಸಾಲಲಿಲ್ಲವೋ.

ಹೆಸರು ಬರೆಯದ ಕೆಲಸ ಇದೇ ಸೀಮೆಯಲ್ಲಿ ಇನ್ನೂ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು, ಮೊಹರಂ. ಹರಕೆ ಹೊತ್ತ ಹಿಂದೂ ಮನೆಯ ಹುಡುಗ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ಮಸೂತಿಯ ಮುಂದೆ ಸಕ್ಕರೆ ಓದಿಸುವವರ ನೂಕುನುಗ್ಗಲು. ಇನ್ನೊಬ್ಬ ಹುಲಿವೇಷಕ್ಕೆ ನಿಂತಿದ್ದಾನೆ: ಮೈಗೆಲ್ಲ ಹಳದಿ, ಅದರ ಮೇಲೆ ಕರಿಪಟ್ಟೆ, ಬಣ್ಣ ಆರುವ ತನಕ ಎರಡೂ ಕೈ ಅಗಲಿಸಿಕೊಂಡೇ ಇರಬೇಕು, ಮೂಗು ಕೆರೆಯಬೇಕಾದರೂ ಪಕ್ಕದವರೇ ಗತಿ. ಬೆಂಕಿಯ ಅಲಾಯಿ ಕುಣಿಯ ಸುತ್ತ ಹೆಜ್ಜೆ ಬಿದ್ದಾಗ ರಿವಾಯತ್ ಎಂಬ ಮೊಹರಂ ಪದ ಏಳುತ್ತದೆ. ಯೂಫ್ರಟಿಸ್ ದಂಡೆಯಲ್ಲಿ ನೀರಿಗಾಗಿ ಬಾಯಾರಿದವರ ದುಃಖ ರಾಯಚೂರು ಸೀಮೆಯ ಕನ್ನಡದಲ್ಲಿ. ಬಿಸಿಲು ಎರಡೂ ಕಡೆ ಒಂದೇ, ಅದಕ್ಕೇ ಇಷ್ಟು ಒಗ್ಗಿತೇನೋ.

ವೇಷ, ಪದ, ಕುಣಿತ, ಹಲಗೆ, ಬಣ್ಣ. ನಗರದ ಗ್ಯಾಲರಿಯಲ್ಲಿ ಒಬ್ಬರೇ ಇಷ್ಟು ಮಾಡಿದ್ದರೆ ಅಸ್ಮಿತೆ, ಸ್ಮೃತಿ, ಪರಂಪರೆ ಎಂದು ಗೋಡೆಗೊಂದು ಬರಹ ಅಂಟಿಸುತ್ತಿದ್ದರು. ಮುದಗಲ್ಲಿನ ಈ ವೇಷಗಾರನನ್ನು ಯಾವ ಅಕಾಡೆಮಿಗೆ ಸೇರಿಸುವುದು? ಜಾನಪದ, ನಾಟಕ, ಸಂಗೀತ ನೃತ್ಯ, ಲಲಿತಕಲೆ, ನಾಲ್ಕಕ್ಕೂ ಸಲ್ಲುತ್ತಾನೆ. ಕೇಳಿದರೆ, ಹಿರಿಯರಿಂದ ಬಂದದ್ದು ಬಿಡ್ರಿ, ಅನ್ನುತ್ತಾನೆ. ಯಾರ ಹಿರಿಯರು?

ಹಿರಿಯರ ಊರನ್ನೇ ಬಿಟ್ಟು ಬಂದವರೂ ಈ ಜಿಲ್ಲೆಯಲ್ಲಿದ್ದಾರೆ. ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಯಲಿನ ನಡುವೆ ಬಂಗಾಲಿ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರಕಾರ ಕೊಟ್ಟ ನೆಲೆ. ಹೆಸರುಗಳು ಮಾತ್ರ ಕಚೇರಿಯ ಕಡತದಿಂದ ಎದ್ದು ಬಂದಂತಿವೆ: ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು. ಇಲ್ಲಿನ ಹೆಂಗಸರು ಕಾಂತಾ ಕಸೂತಿ ಹಾಕುತ್ತಾರೆ. ನೇರ ಸಣ್ಣ ಹೊಲಿಗೆ, ಅಷ್ಟೇ. ಸಾಲಿನ ಪಕ್ಕ ಸಾಲು ಒತ್ತಾಗಿ ಬಂದಾಗ ಬಟ್ಟೆ ಸ್ವಲ್ಪ ಸುಕ್ಕುಗಟ್ಟುತ್ತದೆ, ಆ ಸುಕ್ಕೇ ಅಂದ. ಮೀನು, ತಾವರೆ, ಬಳ್ಳಿ ಮೂಡುತ್ತವೆ. ಕ್ಯಾಂಪಿನಲ್ಲೇ ಹುಟ್ಟಿದವಳ ಸೂಜಿಗೆ ಕಾಣದ ಊರಿನ ಬಳ್ಳಿ ಹೇಗೆ ಗೊತ್ತು? ಇಲ್ಲಿನ ಕೆಲವರಿಗೆ ಪೌರತ್ವದ ಕಾಗದ ಸಿಕ್ಕದ್ದು 2024ರಲ್ಲಿ. ಕಸೂತಿ ಕಾಗದಕ್ಕೆ ಕಾಯಲಿಲ್ಲ.

ಇನ್ನೂ ತಲೆ ತಿನ್ನುವುದು ಕೌದಿ. ಹಳೇ ಸೀರೆಗಳನ್ನು ಪದರ ಪದರ ಜೋಡಿಸಿ ಇದೇ ನೇರ ಹೊಲಿಗೆ ಹಾಕುವುದು ನಮ್ಮ ಕಡೆ ಮೊದಲಿಂದಲೂ ಇದ್ದದ್ದೇ. ಕಾಂತಾದ ಮೂಲವೂ ಹಳೇ ಸೀರೆಯೇ. ಕಲಿಸಿದವರಿಲ್ಲ, ಕದ್ದವರೂ ಇಲ್ಲ. ಮುಂದಿನ ಸಲ ಸಿಂಧನೂರಿನ ದಾರದ ಅಂಗಡಿಯಲ್ಲಿ ವಿಚಾರಿಸಬೇಕು: ಕೌದಿಯವರು, ಕಾಂತಾದವರು ಒಯ್ಯುವ ದಾರ ಒಂದೇನಾ?