ಅಪ್ಪಯ್ಯನ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಕಾಣದಾದಾಗ

2021ರ ನವರಾತ್ರಿಗೆ ಎರಡು ದಿನ ಇತ್ತು. ಮಂಗಳೂರಿನ ರೂಮಿನಲ್ಲಿ ಸುದ್ದಿ ಟೈಪ್ ಮಾಡುತ್ತಾ ಕೂತಿದ್ದೆ. ಅಪ್ಪಯ್ಯನ ಫೋನು ಬಂತು.

"ತಂಗೀ, ಕಂಪ್ಯೂಟರ್ ಹಾಳಾತು ಕಾಣ್ತು. ಎಂತದೂ ಬತ್ತಿಲ್ಲೆ."

ನಮ್ಮ ಮನೆ ಹೊನ್ನಾವರದಿಂದ ಇಡಗುಂಜಿ ಕಡೆ ಹೋಗುವ ರಸ್ತೆಯಲ್ಲಿ ಇಳಿದು ಸ್ವಲ್ಪ ಒಳಗೆ. ಅಪ್ಪಯ್ಯ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಕಂಪ್ಯೂಟರ್ ಬಂದದ್ದು 2007ರಲ್ಲಿ. ಕುಮಟಾದ ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟದ್ದು. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ‍್ಯಾಮ್, ಹಿಂದೆ ಹೊಟ್ಟೆ ಇರುವ ದಪ್ಪ ಮಾನಿಟರ್. ಮಳೆಗಾಲದಲ್ಲಿ ಅದಕ್ಕೆ ಆಯಿಯ ಹಳೇ ಸೀರೆಯ ಹೊದಿಕೆ. ಗುಡುಗು ಕೇಳಿದರೆ ಸಾಕು, ಅಪ್ಪಯ್ಯ ಬಾಯಲ್ಲಿ ಕವಳ ಇದ್ದರೂ ಓಡಿ ಹೋಗಿ ಫೋನಿನ ತಂತಿ ಕಳಚುತ್ತಿದ್ದರು. ಒಮ್ಮೆ ಸಿಡಿಲಿಗೆ ಮೋಡೆಮ್ ಸುಟ್ಟಿತ್ತು.

ಈಗಿನ ಕಾಲದಲ್ಲಿ ಅದನ್ನು ಯಾರು ಬಳಸುತ್ತಾರೆ ಎಂದು ನಿಮಗೆ ಅನಿಸಬಹುದು. ಅಪ್ಪಯ್ಯನಿಗೂ ಫೋನ್ ಇದೆ. ಆದರೆ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆದ ಮೇಲೆ ಸಣ್ಣ ಪರದೆಯಲ್ಲಿ ಓದಿದರೆ ತಲೆನೋವು ಬರುತ್ತಿತ್ತು. ದೊಡ್ಡ ಮಾನಿಟರ್ ಬಿಟ್ಟರೆ ಓದಿಗೆ ಬೇರೆ ದಾರಿ ಇರಲಿಲ್ಲ. ಅದರೊಳಗೆ ಇನ್ನೊಂದು ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಫೋನಿನಲ್ಲಿ ಅವರು ಮುಂದುವರಿಸಿದರು. ಅಂಗಡಿಯ ಹುಡುಗ ಮನೆಗೆ ಬಂದು ನೋಡಿದನಂತೆ. ವೈರಸ್ ಬಂದಿದೆ, ಫಾರ್ಮ್ಯಾಟ್ ಹೊಡೆಯಬೇಕು ಅಂದನಂತೆ. ಒಳಗಿರುವ ಫೈಲುಗಳು?

"ಅದೆಲ್ಲಾ ಹಾಳಾಗಿ ಹೋಯ್ದಡ. ಅವ ತೆಗೆದು ತೋರ್ಸಿದ. ಬರೀ ಇಂಗ್ಲಿಷ್ ಕಸ."

ನಾನು ಹೇಳಿದ್ದು ಒಂದೇ ಮಾತು. ನಾನು ಬರುವವರೆಗೆ ಯಾರೂ ಅದನ್ನು ಮುಟ್ಟಬಾರದು.

ಮನೆಗೆ ಬಂದು ಕಂಪ್ಯೂಟರ್ ಹಾಕಿದೆ. ಯಾವ ಪುಟ ತೆರೆದರೂ ಅದೇ ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ. ಅಪ್ಪಯ್ಯ ಹಿಂದೆ ನಿಂತು "ನೋಡು, ಅಸುರಕ್ಷಿತ ಹೇಳ್ತು, ವೈರಸ್ಸೇ" ಎಂದರು. ನನ್ನ ಕಣ್ಣು ಬಲಗಡೆ ಕೆಳಗಿನ ಗಡಿಯಾರದ ಮೇಲೆ ಬಿತ್ತು. ಅಲ್ಲಿ ಇಸವಿ 2002 ಎಂದಿತ್ತು.

ಇದು ಹಳೇ ಕಂಪ್ಯೂಟರ್ ಇರುವ ಎಲ್ಲರಿಗೂ ಒಮ್ಮೆಯಾದರೂ ಆಗುವ ತೊಂದರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ಜಾಲತಾಣಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ. ಕಾಲೇಜಿನ ಬಸ್ ಪಾಸ್ ಇದ್ದ ಹಾಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಬ್ರೌಸರ್ ಅದನ್ನು ಕಂಡಕ್ಟರ್ ತರಹ ನೋಡುತ್ತದೆ. ಕಂಡಕ್ಟರ್ ಕೈಯಲ್ಲೇ 2002ರ ಕ್ಯಾಲೆಂಡರ್ ಇದ್ದರೆ 2021ರ ಪಾಸು ಸುಳ್ಳು ಪಾಸಿನಂತೆ ಕಾಣುತ್ತದೆ, ಇಳಿ ಅನ್ನುತ್ತಾನೆ. ಪಾಸಿನ ತಪ್ಪಲ್ಲ, ವೈರಸ್ಸೂ ಅಲ್ಲ.

ಕಂಪ್ಯೂಟರಿಗೆ ಕರೆಂಟ್ ಇಲ್ಲದಾಗಲೂ ತಾರೀಕು ನೆನಪಿಡುವುದಕ್ಕೆ ಒಳಗಿನ ದೊಡ್ಡ ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದರ ನಂಬರ್ ಸಿಆರ್ 2032. ಸತ್ತರೆ ಪ್ರತಿ ಸಲ ಸ್ವಿಚ್ ತೆಗೆದು ಹಾಕಿದಾಗ ತಾರೀಕು ಹಿಂದಕ್ಕೆ ಓಡುತ್ತದೆ. ಹೊನ್ನಾವರ ಪೇಟೆಯ ವಾಚು ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ ಹೊಸದನ್ನು ಕೂರಿಸುವುದು ಐದು ನಿಮಿಷದ ಕೆಲಸ. ಒಳಗಿನ ಧೂಳು ಮತ್ತು ಒಂದು ಸತ್ತ ಹಲ್ಲಿಯನ್ನು ತೆಗೆಯಲು ಅರ್ಧ ಗಂಟೆ ಬೇಕಾಯಿತು.

ತಾರೀಕು ಸರಿಮಾಡಿದ ಮೇಲೆ ಕೆಲವು ಪುಟ ಬಂದವು. ಇನ್ನು ಕೆಲವು ಆಗಲೂ ಹಟ ಹಿಡಿದವು. ಇಲ್ಲಿ ನನಗೂ ಸ್ವಲ್ಪ ತಲೆ ಕೆಟ್ಟಿತು. ಕಾರಣ ಆ ವಾರದ್ದೇ ಆಗಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಪ್ರಮಾಣಪತ್ರ ಕೊಡುತ್ತದೆ, ಲಕ್ಷಾಂತರ ಜಾಲತಾಣಗಳು ಅದನ್ನೇ ಬಳಸುತ್ತವೆ. ಆ ಪತ್ರಗಳಿಗೆ ಹಳೇ ಯಂತ್ರಗಳಲ್ಲಿ ಆಧಾರವಾಗಿದ್ದ ಒಂದು ಮೂಲ ಸಹಿಯ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಯಂತ್ರಗಳಿಗೆ ಹೊಸ ಸಹಿಯ ಗುರುತು ಇತ್ತು. ಎಕ್ಸ್‌ಪಿಗೆ ಇರಲಿಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು ನೋಡಿಕೊಳ್ಳುವುದನ್ನು 2014ರ ಏಪ್ರಿಲ್ 8ಕ್ಕೇ ನಿಲ್ಲಿಸಿತ್ತು, ಕ್ರೋಮ್ 2016ರಲ್ಲಿ ಕೈಬಿಟ್ಟಿತ್ತು. ಅಪ್ಪಯ್ಯ ಬಳಸುತ್ತಿದ್ದದ್ದು ಆ ಹಳೇ ಕ್ರೋಮೇ. ಅದು ಸಹಿಗಳ ಪಟ್ಟಿಯನ್ನು ವಿಂಡೋಸಿನಿಂದ ಕೇಳಿ ಪಡೆಯುತ್ತದೆ. ಫೈರ್‌ಫಾಕ್ಸ್ ಹಾಗಲ್ಲ, ತನ್ನ ಪಟ್ಟಿಯನ್ನು ತಾನೇ ಹೊತ್ತು ಬರುತ್ತದೆ. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಫೈರ್‌ಫಾಕ್ಸ್ 52ನೆಯದು. ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆ. ಹಟ ಹಿಡಿದಿದ್ದ ಪುಟಗಳೂ ತೆರೆದವು. ಕೆಲವು ಕಡೆ ಮೇಲಿನ ಮೆನು ಕೆಳಗೆ ಬಂದು ಕೂತಿತ್ತು, ಫೋಟೋ ಅಕ್ಷರದ ಮೇಲೆ ಏರಿತ್ತು. ಓದಲಿಕ್ಕೆ ಅಡ್ಡಿ ಇರಲಿಲ್ಲ. ಬ್ಯಾಂಕಿನ ಕೆಲಸವನ್ನು ಮಾತ್ರ ಇದರಲ್ಲಿ ಮಾಡಬಾರದು ಎಂದು ಅಪ್ಪಯ್ಯನಿಂದ ಆಣೆ ಹಾಕಿಸಿಕೊಂಡೆ. ನೀವೂ ಮಾಡಬೇಡಿ.

ಕನ್ನಡ ಮಾತ್ರ ಪುಟದಲ್ಲಿ ಚೆನ್ನಾಗಿಯೇ ಬಂತು. ಅದಕ್ಕೆ ಕಾರಣ 2008ರಲ್ಲಿ ಭಟ್ಕಳದಿಂದ ತಂದ ಒಂದು ಸಿಡಿ.

ಆಗ ನಾನು ಹೊನ್ನಾವರದಲ್ಲಿ ಬಿಎ ಓದುತ್ತಿದ್ದೆ. ನಮ್ಮ ಹೊಸ ಕಂಪ್ಯೂಟರಿನಲ್ಲಿ ಕನ್ನಡ ಪುಟ ತೆರೆದರೆ ಸಾಲು ಸಾಲು ಡಬ್ಬಿ. ಖಾಲಿ ಬೆಂಕಿಪೊಟ್ಟಣ ಜೋಡಿಸಿದ ಹಾಗೆ. ಒಬ್ಬರು ಹೇಳಿದರು ಅಂತ ಎಲ್ಲಿಂದಲೋ ಒಂದು ಫಾಂಟ್ ತಂದು ಹಾಕಿದರೆ ಡಬ್ಬಿ ಹೋಗಿ ಅಕ್ಷರ ಬಂತು, ಆದರೆ ಒತ್ತಕ್ಷರ ಪಕ್ಕಕ್ಕೆ ಜಾರಿತ್ತು, ಗುಣಿತದ ಕೊಂಬು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಭಟ್ಕಳದಿಂದ ಬರುತ್ತಿದ್ದ ನನ್ನ ಸಹಪಾಠಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಅವಳ ಅಣ್ಣ ದುಬೈಯಿಂದ ಕಳಿಸಿದ ಕಂಪ್ಯೂಟರಿನಲ್ಲಿ ಅವಳ ಅಜ್ಜನಿಗೆ ಉರ್ದು ಓದಲಿಕ್ಕೆ ಆಗುತ್ತಿರಲಿಲ್ಲ. ಕೈಹಿಡಿದು ನಡೆಯಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಆದರೆ ಅವರ ಮನೆಯಲ್ಲಿ ಎಕ್ಸ್‌ಪಿಯ ಅಸಲಿ ಸಿಡಿ ಇತ್ತು, ನಮ್ಮಲ್ಲಿ ಇರಲಿಲ್ಲ.

ಒಂದು ಶನಿವಾರ ಅವಳ ಜೊತೆ ಬಸ್ಸು ಹತ್ತಿದೆ. ಕಂಟ್ರೋಲ್ ಪ್ಯಾನೆಲ್, ಅದರಲ್ಲಿ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಅದರಲ್ಲಿ ಲ್ಯಾಂಗ್ವೇಜಸ್. ಅಲ್ಲಿ ಒಂದು ಸಣ್ಣ ಚೌಕ ಇದೆ: ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಫೈಲು ಹಾಕು ಎಂದು. ಆ ಚೌಕಕ್ಕೆ ಟಿಕ್ ಹಾಕಿದರೆ ಸಿಡಿ ಕೇಳುತ್ತದೆ. ಸಿಡಿ ಹಾಕಿ, ಕಂಪ್ಯೂಟರ್ ಮತ್ತೆ ಶುರುಮಾಡಿದರೆ ಆಯಿತು. ಕನ್ನಡಕ್ಕೂ ಉರ್ದುವಿಗೂ ಒಂದೇ ಟಿಕ್. ಅಜ್ಜ ಕನ್ನಡಕ ಏರಿಸಿ ಒಂದು ಸಾಲು ಓದಿದರು, ಇನ್ನೊಂದು ಸಾಲು ಓದಿದರು, ಆಮೇಲೆ ನಮ್ಮಿಬ್ಬರನ್ನೂ ಮರೆತರು. ನಾವು ಒಳಗೆ ಹೋಗಿ ಚಾ ಕುಡಿದೆವು. ಸಂಜೆ ಅದೇ ಸಿಡಿಯನ್ನು ಪುಸ್ತಕದೊಳಗೆ ಇಟ್ಟುಕೊಂಡು ಹೊನ್ನಾವರಕ್ಕೆ ತಂದೆ. ಎಕ್ಸ್‌ಪಿಯ ಜೊತೆ ಬರುವ ಕನ್ನಡ ಫಾಂಟಿನ ಹೆಸರು ತುಂಗಾ. ಶರಾವತಿಯ ದಡದ ಮನೆಗೆ ತುಂಗೆ ಬಂದಳು ಎಂದು ಅಪ್ಪಯ್ಯ ವಾರಗಟ್ಟಲೆ ಎಲ್ಲರಿಗೂ ಹೇಳಿದರು.

ಈಗ ಮೊದಲು ಬಾಕಿ ಇಟ್ಟ ಸಂಗತಿಗೆ ಬರುತ್ತೇನೆ.

2009ರ ಫೆಬ್ರವರಿ 3ರಂದು ಕೆರೆಮನೆ ಶಂಭು ಹೆಗಡೆಯವರು ತೀರಿಕೊಂಡರು. ಇಡಗುಂಜಿಯಲ್ಲಿ ರಾಮನ ವೇಷ ಮಾಡಿದ ರಾತ್ರಿಯ ಬೆನ್ನಿಗೇ. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ನಮ್ಮ ಸುತ್ತಿನವರಿಗೆ ಮನೆಯ ಮೇಳವೇ. ಅಪ್ಪಯ್ಯ ಆ ರಾತ್ರಿಯ ಆಟಕ್ಕೆ ಹೋಗಿದ್ದರು. ಆಮೇಲಿನ ಒಂದು ತಿಂಗಳು ಅವರು ಶಂಭು ಹೆಗಡೆಯವರ ಬಗ್ಗೆ ಯಾವ ಪುಟ ಸಿಕ್ಕಿದರೂ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡರು. ಒಟ್ಟು 41 ಪುಟ. 'ಶಂಭಣ್ಣ' ಎಂದು ಒಂದು ಫೋಲ್ಡರ್. ಅದರಲ್ಲಿ ಎಷ್ಟೋ ಜಾಲತಾಣಗಳು ಈಗ ಇಲ್ಲ. ಅಂಗಡಿಯ ಹುಡುಗ ತೆಗೆದು ತೋರಿಸಿ 'ಕಸ' ಎಂದದ್ದು ಇದನ್ನೇ.

ನಾನೂ ತೆರೆದೆ. ಎದೆ ಧಸಕ್ ಎಂದಿತು. ಒಂದೂ ಕನ್ನಡ ಅಕ್ಷರ ಇಲ್ಲ. ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ದೊಡ್ಡ ಎ, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ಎ, ಮತ್ತೆ ಪೌಂಡ್. ಪುಟದ ಕೊನೆಗೆ ಮಾತ್ರ ನಾಲ್ಕು ಸಾಲು ಸ್ಪಷ್ಟವಾಗಿ ಓದುವಂತಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನು ಆ ರಾತ್ರಿ ಅಲ್ಲಿಯೇ ಕೂತಿದ್ದೆ, ಎಂದು ಶುರುವಾಗುವ ಸಾಲುಗಳು. ಅಪ್ಪಯ್ಯ ಆಗ ಕನ್ನಡ ಟೈಪಿಂಗ್ ಬಾರದೆ ಹಾಗೆ ಬರೆದು ಕಳಿಸಿದ್ದ ಪತ್ರ, ಅವರು ಅದನ್ನು ಹಾಗೇ ಹಾಕಿದ್ದರು.

ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ಫೈಲು ಹಾಳಾಗಿದ್ದರೆ ಈ ನಾಲ್ಕು ಸಾಲೂ ಉಳಿಯುತ್ತಿರಲಿಲ್ಲ.

ಆ ಕಾಲದಲ್ಲಿ ಕನ್ನಡ ಪುಟಗಳು ಎರಡು ಬಗೆ ಇದ್ದವು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಹಳೇ ಪದ್ಧತಿಯಲ್ಲಿ ಹಾಗಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಮಾಡುತ್ತಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಪೌಂಡ್ ಗುರುತೇ, ಫಾಂಟ್ ಹಾಕಿದಾಗ ನಮ್ಮ ಕಣ್ಣಿಗೆ 'ನ'. ವೇಷ ಕಳಚಿದರೆ ರಾಮ ಪಕ್ಕದ ಮನೆಯ ಹೆಗಡೇರು ಆದ ಹಾಗೆ. ಆಗಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಪುಟದ ಜೊತೆ ಫಾಂಟನ್ನೂ ತಾನೇ ತರಿಸಿಕೊಳ್ಳುತ್ತಿತ್ತು, ಅದಕ್ಕೇ ಅಪ್ಪಯ್ಯನಿಗೆ 2009ರಲ್ಲಿ ಕನ್ನಡ ಕಂಡಿತ್ತು. ಪುಟ ಇಳಿಸಿಟ್ಟಾಗ ಫಾಂಟು ಜೊತೆಗೆ ಬಂದಿರಲಿಲ್ಲ.

ಗುರುತು ಹಿಡಿಯುವುದು ಸುಲಭ. ದೊಡ್ಡ ಎ ಮತ್ತು ಪೌಂಡ್ ರಾಶಿ ರಾಶಿ ಇದ್ದರೆ ಅದು ನುಡಿ ಅಥವಾ ಬರಹದ ಹಳೇ ಸಂಕೇತ. ಶೇಷಾದ್ರಿವಾಸು ಅವರ ಬರಹ 1998ರಿಂದ ಇದೆ, ನುಡಿ ಕನ್ನಡ ಗಣಕ ಪರಿಷತ್ತಿನದ್ದು. ಸಣ್ಣ ಎ, ಅದರ ತಲೆಯ ಮೇಲೆ ಗೀಟು, ಪಕ್ಕದಲ್ಲಿ ಚಿಕ್ಕ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ ಅದು ಯೂನಿಕೋಡೇ, ಬ್ರೌಸರ್ ತಪ್ಪಾಗಿ ಓದುತ್ತಿದೆ. ಮೆನುವಿನಲ್ಲಿ ಟೆಕ್ಸ್ಟ್ ಎನ್‌ಕೋಡಿಂಗ್ ಎಂಬಲ್ಲಿ ಯೂನಿಕೋಡ್ ಆರಿಸಿದರೆ ಕಣ್ಣೆದುರೇ ಕನ್ನಡವಾಗುತ್ತದೆ. ಇದು ನಿಮ್ಮ ಫೋನಿಗೂ ಉಪಯೋಗ. ವಾಟ್ಸಾಪಿನಲ್ಲಿ ಬಂದ ನೋಟಿಸು ತೆರೆದರೆ ಬರೀ ಪೌಂಡ್ ಕಾಣುತ್ತಿದ್ದರೆ ಫೋನು ಕೆಟ್ಟಿಲ್ಲ, ಕಳಿಸಿದವರು ಹಳೇ ನುಡಿಯಲ್ಲಿ ಟೈಪ್ ಮಾಡಿದ್ದಾರೆ. ಪಿಡಿಎಫ್ ಮಾಡಿ ಕಳಿಸಿ ಎಂದು ಕೇಳಿ.

41ರಲ್ಲಿ ಆರು ಪುಟ ಎನ್‌ಕೋಡಿಂಗ್ ಬದಲಿಸಿದ ಕೂಡಲೇ ಸರಿಯಾದವು. ಪೌಂಡ್ ಪುಟಗಳಿಗೆ ಮೊದಲು ಫೋಲ್ಡರಿನ ಒಂದು ನಕಲು ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ನುಡಿ ಫಾಂಟ್ ಹಾಕಿ, ಪುಟವನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಅಲ್ಲಿ ಫಾಂಟ್ ಫೇಸ್ ಎಂಬಲ್ಲಿ ಬರೆದಿದ್ದ ಹಳೇ ಹೆಸರು ತೆಗೆದು ನುಡಿ 01 ಇ ಎಂದು ಹಾಕಿದೆ. ಉಳಿಸಿ ಮತ್ತೆ ತೆರೆದರೆ ಮೊದಲ ಸಾಲಿನಲ್ಲೇ 'ಗುಣವಂತೆ' ಎಂಬ ಊರಿನ ಹೆಸರು. ನಾನು ಕೂಗಿದ ಕೂಗಿಗೆ ಆಯಿ ಅಡಿಗೆ ಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

ಎಲ್ಲವೂ ಹೀಗೆ ಬರಲಿಲ್ಲ. ಒಂದು ಪತ್ರಿಕೆಯ ಒಂಬತ್ತು ಪುಟಕ್ಕೆ ಬೇರೆಯೇ ಸಂಕೇತ, ನುಡಿ ಹಾಕಿದರೆ ಅರ್ಧ ಕನ್ನಡ, ಅರ್ಧ ಕಗ್ಗ. ಕುಮಟಾದಲ್ಲಿ ಮೊದಲು ಡಿಟಿಪಿ ಮಾಡುತ್ತಿದ್ದವರೊಬ್ಬರ ಬಳಿ ಆ ಫಾಂಟು ಹಳೇ ಸಿಡಿಯಲ್ಲಿ ಇತ್ತು. ಅವರು ದುಡ್ಡು ತಗೊಳ್ಳಲಿಲ್ಲ, ಅವರೂ ಆಟದ ಹುಚ್ಚಿನವರು. ಎರಡು ಪುಟ ಮಾತ್ರ ಹೋದವೇ. ಇಳಿಸುವಾಗಲೇ ಬರೀ ಚೌಕಟ್ಟು ಬಂದಿತ್ತು, ಒಳಗಿನ ಬರಹ ಬಂದಿರಲಿಲ್ಲ.

ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹುಟ್ಟಿ ಬೆಳೆಯುವ ಹೊತ್ತಿಗೆ ಈ ಫಾಂಟುಗಳ ಕಾಲ ಮುಗಿದಿತ್ತು. ಆದರೆ ಫಾರ್ಮ್ಯಾಟ್ ಎಂಬ ಒಂದೇ ಔಷಧಿಯನ್ನು ಎಲ್ಲ ಕಾಯಿಲೆಗೂ ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಪ್ಪಯ್ಯ ಹೂಂ ಎಂದಿದ್ದರೆ ಅವತ್ತೇ ಶಂಭಣ್ಣ ಫೋಲ್ಡರ್ ಅಳಿಸಿ ಹೋಗುತ್ತಿತ್ತು. ಅವರು ನಿಜಕ್ಕೂ ಹೂಂ ಎಂದಿದ್ದರಂತೆ. ಹುಡುಗನ ಹತ್ತಿರ ಸಿಡಿ ಇರಲಿಲ್ಲ, ನಾಳೆ ಬರುತ್ತೇನೆ ಎಂದು ಹೋಗಿದ್ದ.

ಮಹಾನವಮಿಯ ಸಂಜೆ ಅಪ್ಪಯ್ಯನನ್ನು ಕುರ್ಚಿಯಲ್ಲಿ ಕೂರಿಸಿ ಮೊದಲ ಪುಟ ತೆರೆದು ಕೊಟ್ಟೆ. ಕಂಟ್ರೋಲ್ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ ಎಂದು ತೋರಿಸಿದೆ. ಇಷ್ಟೆಲ್ಲ ರಿಪೇರಿಯಲ್ಲಿ ಅವರಿಗೆ ಬಹಳ ಖುಷಿಯಾದದ್ದು ಅದೇ. ಒಂದೊಂದು ಅಕ್ಷರ ಅಡಿಕೆಯಷ್ಟು ದೊಡ್ಡದು ಮಾಡಿಕೊಂಡು ಜೋರಾಗಿ ಓದತೊಡಗಿದರು. ಎರಡನೇ ಪ್ಯಾರಾದಲ್ಲಿ ನಿಂತರು.

"ತಂಗೀ, ಇನ್ನೂ ಸರಿ ಆಯ್ದಿಲ್ಲೆ. ಇಲ್ಲಿ ಮಹಾಪ್ರಾಣ ಬತ್ತಿಲ್ಲೆ ನೋಡು."

ಮತ್ತೆ ಯಾವ ಸಂಕೇತ ತಪ್ಪಿತೋ ಎಂದು ಗಾಬರಿಯಿಂದ ನೋಟ್‌ಪ್ಯಾಡ್ ತೆರೆದು ನೋಡಿದೆ. ಉಳಿದ ಕಡೆಯ ಮಹಾಪ್ರಾಣಗಳೆಲ್ಲ ಸರಿಯಾಗಿಯೇ ಇದ್ದವು. ಫಾಂಟಿನ ತಪ್ಪಲ್ಲ, ಲೇಖನ ಬರೆದವರದ್ದೇ ತಪ್ಪು. ಹಾಗೆಂದು ಹೇಳಿದೆ. ಅಪ್ಪಯ್ಯ ಮೇಜಿನ ಮೇಲೆ ಕೆಂಪು ಪೆನ್ನಿಗಾಗಿ ಕೈಯಾಡಿಸಿದರು.